ತಾಮ್ರದ ಗುಂಡಿ

“ತಾಮ್ರದ ಗುಂಡಿಗಳಿಂದ ಬಂದ ಪದ. ಪೂರ್ಣವಿರಾಮ.”

ರೇಡಿಯೊ ಓದು ನಿಲ್ಲಿಸಿ ಕಾದಳು. ಅಚ್ಚಿಗೆ ಹೋಗುವ ಮೊದಲು ನಿಘಂಟಿನ ಪ್ರತಿ ಪುಟವನ್ನೂ ಒಬ್ಬರು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು. ಬರೆದವರು ಎದುರು ಕುಳಿತು ಸಾಲು ಸಾಲಿಗೂ ‘ಸರಿ’ ಎನ್ನಬೇಕು. ಅನ್ನದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಅದು ಆ ಕಚೇರಿಯ ರೂಢಿ. ಓದುವ ಹುಡುಗಿಯ ಕಂಚಿನ ಕಂಠಕ್ಕೆ ‘ರೇಡಿಯೊ’ ಎಂಬ ಹೆಸರು ಬಿದ್ದಿತ್ತು.

“ಅಕ್ಕಾ, ಸರಿ ಅನ್ನಿ. ಗಂಟಲು ಒಣಗ್ತಿದೆ.”

“ನಾನು ಬರೆದಿದ್ದು ಇದಲ್ವಲ್ಲೇ,” ಎಂದಳು ಎದುರು ಕುಳಿತಿದ್ದ ಲೇಖಕಿ.

ಪೊಲೀಸರಿಗೆ ಇಂಗ್ಲಿಷಿನ ಆಡುಮಾತಿನಲ್ಲಿ ‘ಕಾಪ್’ ಎನ್ನುತ್ತಾರೆ. ಅದು ಎಲ್ಲಿಂದ ಬಂತೆಂದು ಅವಳು ತಿಂಗಳುಗಟ್ಟಲೆ ಹುಡುಕಿದ್ದಳು. ಸಮವಸ್ತ್ರದ ತಾಮ್ರದ, ಅಂದರೆ ‘ಕಾಪರ್’, ಗುಂಡಿಯಿಂದ ಎನ್ನುವವರಿದ್ದರು. ಮೂರು ಪದಗಳ ಮೊದಲಕ್ಷರ ಕೂಡಿಸಿದ್ದು ಎನ್ನುವವರೂ ಇದ್ದರು. ಪುರಾವೆ ವಾಲಿದ್ದು ‘ಹಿಡಿ’ ಎಂಬರ್ಥದ ಹಳೆಯ ಕ್ರಿಯಾಪದದ ಕಡೆಗೆ. ಅದರ ಬೇರು ಮತ್ತೆ ಮಸುಕು. ಇಷ್ಟನ್ನೂ ಬರೆದು ಕೊನೆಗೆ ‘ಮೂಲ ಖಚಿತವಿಲ್ಲ’ ಎಂದು ಸೇರಿಸಿದ್ದಳು.

ಸಂಪಾದಕರು ಬಾಗಿಲಿಗೆ ಬಂದರು. “ಪುಟದಲ್ಲಿ ಜಾಗ ಇರ್ಲಿಲ್ಲಮ್ಮಾ, ನಾನೇ ಕತ್ತರಿಸಿದೆ. ಗುಂಡಿ ಕಥೆ ಚೆನ್ನಾಗಿದೆ. ಮಕ್ಕಳಿಗೆ ನೆನಪಿರುತ್ತೆ.”

“ಸುಳ್ಳು ಇನ್ನೂ ಚೆನ್ನಾಗಿ ನೆನಪಿರುತ್ತೆ ಸಾರ್.”

“ಜನ ನಿಘಂಟು ತೆಗೆಯೋದು ಅನುಮಾನ ಕಳ್ಕೊಳ್ಳೋಕೆ. ಹೊಸ ಅನುಮಾನ ಹೊತ್ಕೊಂಡು ಹೋಗೋಕಲ್ಲ. ಒಂದು ಪದಕ್ಕೆ ಇಷ್ಟು ರಂಪಾನಾ?”

“ಒಂದೇ ಒಂದು ‘ಬಹುಶಃ’ ಹಾಕಿ. ಅಷ್ಟು ಜಾಗ ಇದೆ.”

“ಬಹುಶಃ ಶುರು ಮಾಡಿದ್ರೆ ಇಡೀ ನಿಘಂಟಿಗೇ ಹಾಕ್ಬೇಕಾಗುತ್ತೆ!” ತಮ್ಮ ಮಾತಿಗೆ ತಾವೇ ನಕ್ಕರು.

ಅವಳ ಕಿವಿ ಬಿಸಿಯಾಯಿತು. ಬೆಳಿಗ್ಗೆ ಗಂಡ ಫೋನಿನಲ್ಲಿ ತಂಗಿಗೆ, “ನಿನ್ನ ಆಪರೇಷನ್ನಿಗೆ ಇವಳು ರಜೆ ಹಾಕಿ ಬರ್ತಾಳೆ ಬಿಡು” ಎಂದು ಹೇಳಿ, ಆಮೇಲೆ ಇವಳ ಕಡೆ ತಿರುಗಿ ಹುಬ್ಬು ಹಾರಿಸಿದ್ದ. ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ‘ಸರಿ’ ಎಂದಿದ್ದಳು. ಅತ್ತೆಗೂ ಸರಿ, ಮಗನಿಗೂ ಸರಿ. ಮನೆಯಲ್ಲಿ ಅದು ಬಿಕ್ಕಳಿಕೆಯ ಹಾಗೆ, ಕೇಳದೆಯೇ ಬಂದುಬಿಡುತ್ತಿತ್ತು. ಈಗಲೂ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿದಳು.

“ಪ್ರೆಸ್ಸಿನವರು ಬರೋ ಹೊತ್ತಾಯ್ತು,” ಎಂದರು ಸಂಪಾದಕರು. “ನೀವು ಅನ್ನದಿದ್ರೆ ಬಿಡಿ, ನಾನೇ ಅಂತೀನಿ. ಸರಿ. ಆಯ್ತಲ್ಲ? ಮುಂದೆ ಓದಮ್ಮಾ.”

ರೇಡಿಯೊ ಬಾಟಲಿ ಎತ್ತಿ ನಿಧಾನಕ್ಕೆ ನೀರು ಕುಡಿದಳು. ಮುಚ್ಚಳ ತಿರುಗಿಸಿದಳು.

“ಬರೆದವರು ಅನ್ಬೇಕಲ್ವಾ ಸಾರ್,” ಎಂದಳು. ಆ ದನಿ ಅವಳದೆನ್ನಿಸದಷ್ಟು ಸಣ್ಣಗಿತ್ತು. ಸಾಲಿನ ಕೆಳಗಿಟ್ಟಿದ್ದ ಅಳತೆಪಟ್ಟಿಯನ್ನು ಸರಿಸಲಿಲ್ಲ.

ಕೆಳಗೆ ಬೀದಿಯಲ್ಲಿ ಪ್ರೆಸ್ಸಿನ ವ್ಯಾನು ಬಂದು ನಿಂತು ಹಾರ್ನ್ ಹೊಡೆಯಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಹೊಡೆಯಿತು. ಆಮೇಲೆ ಡ್ರೈವರು ಎಂಜಿನ್ ಆರಿಸಿದ್ದು ಮೂವರಿಗೂ ಕೇಳಿಸಿತು.