ಸೀತನಿ ಸುಟ್ಟ ಸಂಜೆ

ನಾನು ಒಂದು ಡ್ರೋನ್. ಮದುವೆ ಮನೆಗಳ ಮೇಲೆ ಗುಂಯ್‌ಗುಟ್ಟುತ್ತ ವಿಡಿಯೊ ತೆಗೆಯುತ್ತವಲ್ಲ, ಆ ಪೈಕಿ ಅಲ್ಲ. ನನ್ನ ರೆಕ್ಕೆ ಬಸ್ಸಿಗಿಂತ ಉದ್ದ, ಹೊಟ್ಟೆಯಡಿ ಎರಡು ಕ್ಷಿಪಣಿ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಮೂಗಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕಳಿಸಿಕೊಟ್ಟರು. ನಾನು ಏನು ಹೊರಲಿದ್ದೇನೆಂದು ಗೊತ್ತಿದ್ದೂ ಪೂಜೆ ಚೆನ್ನಾಗಿಯೇ ಮಾಡಿದರು, ಪಾಪ.

ನನ್ನ ಯಜಮಾನರು ನನ್ನ ಮೇಲೆ ಕೂರುವುದಿಲ್ಲ. ನೂರಾರು ಮೈಲಿ ದೂರದ ತಗಡಿನ ಕೋಣೆಯಲ್ಲಿ ಎಸಿ ಹಾಕಿಕೊಂಡು ಕೂರುತ್ತಾರೆ. ನನ್ನ ಕಣ್ಣು ತಿರುಗಿಸುವವನು ರೋಣದ ಕಡೆಯ ಹವಾಲ್ದಾರ್ ಯಮನೂರಪ್ಪ. ಅಪ್ಪಣೆ ಕೊಡುವವರು ಕೊಡಗಿನ ಮೇಜರ್ ಚಿಣ್ಣಪ್ಪ. ನನ್ನ ಕಣ್ಣಿಗೆ ಮುಖ ಕಾಣದು. ಬಿಸಿ ಇದ್ದದ್ದು ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ, ಅಷ್ಟೇ.

ಆ ಸಂಜೆ ಗಡಿಯಂಚಿನ ರಸ್ತೆ ಪಕ್ಕದ ಹೊಲದಲ್ಲಿ ಆರು ಬಿಳಿ ಚುಕ್ಕೆಗಳು ಗುಂಡಿ ತೋಡುತ್ತಿದ್ದವು. ಹಿಂದಿನ ವಾರವಷ್ಟೇ ಅದೇ ರಸ್ತೆಯಲ್ಲಿ ನೆಲಬಾಂಬು ಸಿಡಿದು ನಮ್ಮ ಮೂವರು ಸತ್ತಿದ್ದರು. ಯಮನೂರಪ್ಪ ನನ್ನ ಕಣ್ಣನ್ನು ಗುಂಡಿಗೆ ಹತ್ತಿರ ಮಾಡಿದ. ಅದರೊಳಗೆ ಏನೋ ಬಿಸಿಯಾದದ್ದಿತ್ತು. ಅದನ್ನು ಮುಚ್ಚಿ ಐದು ಚುಕ್ಕೆಗಳು ಸುತ್ತ ಕುಳಿತವು.

"ಬಾಂಬ್ ಹೂಳ್ತಿದ್ದಾರೆ. ಹೊಡಿ," ಎಂದರು ಮೇಜರ್.

ಯಮನೂರಪ್ಪ ಒತ್ತಿದ. ನನ್ನ ಹೊಟ್ಟೆ ಹಗುರಾಯಿತು. ಕ್ಷಿಪಣಿ ತಲುಪಲು ಇಪ್ಪತ್ತಾರು ಸೆಕೆಂಡು. ಅಲ್ಲಿಯವರೆಗೆ ನಾನು ಗುರಿಯ ಮೇಲೆ ಬೆಳಕು ಹಿಡಿದಿರಬೇಕು. ಬೆಳಕು ಎಲ್ಲಿಗೆ ಸರಿದರೆ ಕ್ಷಿಪಣಿಯೂ ಅಲ್ಲಿಗೆ.

ಹದಿನೈದನೆಯ ಸೆಕೆಂಡಿಗೆ ಒಂದು ಚುಕ್ಕೆ ಗುಂಡಿಯಿಂದ ಏನನ್ನೋ ಎತ್ತಿತು. ಎರಡು ಅಂಗೈ ನಡುವೆ ತಿಕ್ಕಿತು. ಬಾಯಿಯ ಹತ್ತಿರ ತಂದು ಊದಿತು.

ಯಮನೂರಪ್ಪ ಅಪ್ಪಣೆ ಕೇಳದೆ ನನ್ನ ಬೆಳಕನ್ನು ಹೊಲದಾಚೆಯ ಒಣ ಹಳ್ಳಕ್ಕೆ ಎಳೆದುಬಿಟ್ಟ. ಹಳ್ಳದಲ್ಲಿ ಬಿಳಿ ಬೆಂಕಿ ಎದ್ದಿತು.

"ಏನಯ್ಯಾ ಮಾಡ್ದೆ?"

"ಸೀತನಿ ಸುಡಾಕತ್ತಾರ್ರೀ ಸಾಹೇಬ್ರ. ಹಸಿ ಜೋಳದ ತೆನಿ. ಕುಣಿ ತೋಡಿ, ಸಗಣಿ ಕುಳ್ಳಿನ ಕೆಂಡದಾಗ ಸುಡೂದ್ರಿ. ನಮ್ಮವ್ವನೂ ಹಿಂಗ ತಿಕ್ಕಿ, ಹೊಟ್ಟು ಊದಿ ಕೊಡ್ತಿದ್ಲು." ಅವನು ಅಳುತ್ತಿದ್ದ, ನಗುತ್ತಲೂ ಇದ್ದ.

ನನ್ನ ಕಣ್ಣು ಹೊಲಕ್ಕೆ ಮರಳಿತು. ನೆಲಕ್ಕೆ ಅಂಟಿದ್ದ ಐದು ಚುಕ್ಕೆಗಳು ಒಂದೊಂದಾಗಿ ಎದ್ದವು. ಮೇಜರ್ ಕೂಡ ಉಸಿರುಬಿಟ್ಟು, "ಬದುಕಿಸಿದೆ ಕಣಯ್ಯಾ," ಎಂದರು.

ಆಮೇಲೆ ಅವು ಓಡಿದವು. ಊರಿನ ಕಡೆಗಲ್ಲ, ಹಳ್ಳದ ಕಡೆಗೆ.

ಒಣ ಹಳ್ಳದಲ್ಲೂ ಮರಳು ಬಗೆದರೆ ಕುಡಿಯುವ ನೀರು ಸಿಗುತ್ತದೆ, ಅದೂ ಯಮನೂರಪ್ಪನಿಗೆ ಗೊತ್ತಿದ್ದದ್ದೇ. ವರದಿಯಲ್ಲಿ 'ಗುರಿ ತಪ್ಪಿದೆ, ಸಾವುನೋವಿಲ್ಲ' ಎಂದು ಬರೆದರು.

ಈಗ ನನಗೆ ವಯಸ್ಸಾಗಿದೆ. ದಂಡು ಪ್ರದೇಶದ ಉದ್ಯಾನದಲ್ಲಿ ಕಂಬದ ಮೇಲೆ ನಿಲ್ಲಿಸಿ, ಬಣ್ಣ ಬಳಿದಿದ್ದಾರೆ. ಶಾಲೆಯ ಮಕ್ಕಳು ನನ್ನ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಕಳೆದ ತಿಂಗಳು ನಿವೃತ್ತ ಯಮನೂರಪ್ಪ ಬಂದಿದ್ದ. ತಲೆ ಬೆಳ್ಳಗಾಗಿದೆ. ನನ್ನ ಕಣ್ಣಿನ ನೇರಕ್ಕೆ ನಿಂತು ಮೆಲ್ಲಗೆ ಕೇಳಿದ.

"ಆರು ಮಂದಿ ಇದ್ರಲ್ಲೋ. ನಿನಗ ಕಂಡಿತ್ತೇನು?"

ಕಂಡಿತ್ತು, ಯಮನೂರಪ್ಪ. ಒಂದು ಚುಕ್ಕೆ ಕೊಡ ಹಿಡಿದು ಹಳ್ಳದತ್ತ ಎದ್ದು ಹೋದದ್ದು ನನ್ನ ಕಣ್ಣಂಚಿನಲ್ಲೇ ಇತ್ತು. ನೋಡುವುದನ್ನು ನನಗೆ ಕಲಿಸಿದ್ದರು, ಹೇಳುವುದನ್ನು ಕಲಿಸಿರಲಿಲ್ಲ.