ರಸ್ತೆಯಾಚೆಯ ನಿಂಬೆ ಗಿಡ

ನಿಂಬೆ ಗಿಡ ಶಾಲೆಯ ಎದುರು, ರಸ್ತೆಯಾಚೆ, ಗಾಡಿ ಹೊಡೆಯುವ ಮಾಯಿಲಪ್ಪನ ಬೇಲಿಗೆ ಒತ್ತಿಕೊಂಡು ಬೆಳೆದಿತ್ತು. ಎರಡನೇ ಕ್ಲಾಸಿನ ಮಕ್ಕಳನ್ನು ದಿನಾ ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಮೊದಲ ದಿನ ಎಲೆಯ ಮೇಲಿನ ಹುಳು ತೋರಿಸಿದಾಗ ಕಿಟ್ಟು ಮೂಗು ಮುಚ್ಚಿಕೊಂಡ.

"ಟೀಚರಮ್ಮ, ಅದು ಕಾಗೆ ಹೇತಿದ್ದು!"

ಕಾಗೆ ಹೇತಿದ್ದು ಎಲೆ ತಿನ್ನತೊಡಗಿತು. ಆಮೇಲೆ ಹಸಿರಾಯಿತು. ಕೊನೆಗೆ ಕಡ್ಡಿಗೆ ಅಂಟಿಕೊಂಡು ಗೂಡಾಯಿತು.

ಹೆಡ್‌ಮಾಸ್ಟರ್ ವೆಂಕಟಕೃಷ್ಣಯ್ಯನವರು ನನ್ನನ್ನು ಕರೆಸಿದ್ದು ಆಗ.

"ನೀಲಾವತಮ್ಮ, ನೀವು ಮೈಸೂರಲ್ಲಿ ಬಿ.ಎ. ಓದಿದವರು. ನಾನು ಬಿಡಿಸಿ ಹೇಳಬೇಕಾ? ಮಾಯಿಲಪ್ಪ ದೂರು ಕೊಟ್ಟಿದ್ದಾನೆ. ಅವನು ಗಾಡಿ ಕಟ್ಟೋ ಹೊತ್ತಿಗೆ ನೀವು ಎದುರು ಹೋದರೆ..."

"ವಿಧವೆ ಎದುರು ಬಂದಳು ಅಂತಾನೆ."

ಅವರು ಮೇಜು ನೋಡಿದರು. "ಇಂಗ್ಲಿಷ್ ದೊರೆ ಶಾಲೆ ಇನ್ಸ್‌ಪೆಕ್ಷನ್‌ಗೆ ಬರೋ ಸಮಯ. ಇನ್ನೊಂದು ದೂರು ಬಂದರೆ ಹೊರಗಿನ ಪಾಠ ನಿಲ್ಲಿಸಿಬಿಡ್ತೇನೆ. ಚಿಟ್ಟೆನ ಬೋರ್ಡಿನ ಮೇಲೆ ಬರೆದು ತೋರಿಸಿ."

"ಬೋರ್ಡಿನ ಮೇಲೆ ಅದು ಹಾರೋದಿಲ್ಲ, ಸಾರ್."

ಅಂದು ಮಕ್ಕಳಿಂದ ಒಣಗಿದ ಬಾಳೆಪಟ್ಟೆಯಲ್ಲಿ ಚಿಟ್ಟೆ ಮಾಡಿಸಿದೆ. ಕಪ್ಪಿಗೆ ಇದ್ದಿಲು, ಬಿಳಿಗೆ ಸುಣ್ಣ. ಹಿಂದಿನ ರೆಕ್ಕೆಯ ಚುಕ್ಕೆಗಳಿಗೆ ಕೆಂಪು ಇರಲಿಲ್ಲ. ಮಧ್ಯಾಹ್ನ ಮನೆಗೆ ಹೋಗಿ ಪೆಟ್ಟಿಗೆಯ ತಳದಲ್ಲಿದ್ದ ಕುಂಕುಮದ ಭರಣಿ ತಂದೆ. ಗಂಜಿಯಲ್ಲಿ ಕಲಸಿದೆ.

"ನಿಮ್ದಾ ಟೀಚರಮ್ಮ? ನಿಮಗೆ ಬೇಡ್ವಾ?" ಎಂದಳು ಮಾಯಿಲಪ್ಪನ ಮಗಳು ಚೋಮಿ.

"ಚಿಟ್ಟೆಗೆ ಬೇಕು."

ಸಂಜೆ ಹೊತ್ತಿಗೆ ಗೂಡು ಕಪ್ಪಾಗಿತ್ತು; ಬೆಳಿಗ್ಗೆ ಒಡೆಯುವುದು ಖಂಡಿತ. ಮರುದಿನವೇ ಪೇಟೆಯ ಸಂತೆಯೂ ಇತ್ತು. ಅಷ್ಟು ದಿನ ಸೆರಗು ಹೊದ್ದು ಮಕ್ಕಳ ಹಿಂದೆ ನಡೆಯುತ್ತಿದ್ದವಳು ಆ ಬೆಳಿಗ್ಗೆ ಮುಂದೆ ನಡೆದೆ.

ಮಾಯಿಲಪ್ಪ ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಿದ್ದ. ನನ್ನನ್ನು ಕಂಡು ಹಗ್ಗ ಬಿಟ್ಟ.

"ಆಯ್ತಲ್ಲ! ಇವತ್ತು ಸಂತೆ ಆದಂಗೇ. ಗಾಡಿ ಬಿಚ್ತೀನಿ. ಹೋಗಿ ಮೇಷ್ಟ್ರಿಗೆ ಹೇಳ್ತೀನಿ."

"ಹೇಳಿ. ಗೂಡು ಒಡೆಯೋವರೆಗೆ ನಾವು ಇಲ್ಲೇ ಇರ್ತೇವೆ."

ಚೋಮಿ ಸಾಲು ಬಿಟ್ಟು ಬಂದಳು. "ಅಪ್ಪ, ನಾನು ದಿನಾ ಇಸ್ಕೂಲಲ್ಲಿ ಮೊದ್ಲು ನೋಡೋದು ಟೀಚರಮ್ಮನ ಮುಖಾನೇ. ನಂಗೇನಾಗೈತೆ?"

"ಮೂಗು ಸುರೀತಿದೆ," ಎಂದ ಕಿಟ್ಟು.

ಮಕ್ಕಳೆಲ್ಲ ನಕ್ಕರು. ಮಾಯಿಲಪ್ಪ ಮಗಳ ಮೂಗನ್ನು ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ, ನಗು ಕಾಣದಂತೆ ಎತ್ತಿನ ಕಡೆ ತಿರುಗಿದ.

ಅಷ್ಟರಲ್ಲಿ ಗೂಡು ಬಿರಿಯಿತು. ಮುದುಡಿದ ಒದ್ದೆ ರೆಕ್ಕೆ ಹೊತ್ತು ಚಿಟ್ಟೆ ಹೊರಬಂದು ಕಡ್ಡಿಗೆ ಜೋತುಬಿತ್ತು. ಮಕ್ಕಳು ಬಾಳೆಪಟ್ಟೆಯ ಚಿಟ್ಟೆಗಳನ್ನು ಪಕ್ಕದಲ್ಲಿ ಹಿಡಿದು ನೋಡಿದರು. ಅದೇ ಕೆಂಪು.

"ಅಪ್ಪ, ಬಾರೋ!"

ಅವನು ಬಂದ. ರೆಕ್ಕೆ ಪೂರ್ತಿ ಬಿಡಿಸಿಕೊಳ್ಳುವವರೆಗೆ ಬೇಲಿ ಹಿಡಿದು ನಿಂತಿದ್ದ. ಆಮೇಲೆ ಹಗ್ಗ ಬಿಗಿದು, "ಹೊತ್ತಾಯ್ತು, ದಾರಿ ಬಿಡ್ರೋ," ಎಂದ. ಗಾಡಿ ನನ್ನೆದುರೇ ಹಾದು ಸಂತೆಗೆ ಹೋಯಿತು.

ದೂರು ಬರಲಿಲ್ಲ. ಮರುದಿನವೂ ಗಾಡಿ ಕಟ್ಟುವ ಹೊತ್ತಿಗೇ ಹೊರಟೆವು, ಮುಂದೆ ನಾನೇ. ಇನ್ನೊಂದು ಎಲೆಯ ಮೇಲೆ ಕಾಗೆ ಹೇತಂಥದ್ದು ಏನೋ ಅಲುಗಾಡುತ್ತಿದೆಯೆಂದು ಮಾಯಿಲಪ್ಪನೇ ಚೋಮಿಯ ಕೈಲಿ ಹೇಳಿ ಕಳಿಸಿದ್ದ.