ಸೋಲು ಬಾಯಿಬಿಡದವರು

ಬೆಳಿಗ್ಗೆ ಹತ್ತು ಗಂಟೆ ಹೇಗಿರುತ್ತದೆಂದೇ ಮರೆತಿದ್ದ ಹನ್ನೆರಡು ಮಂದಿ ಪೋಕರ್ ಆಟಗಾರರು ಲಾಸ್ ವೇಗಸ್ಸಿನ ಗ್ರಂಥಾಲಯದಲ್ಲಿ ಆಕಳಿಸುತ್ತ ಕೂತಿದ್ದರು. ಅವರ ಅಹವಾಲು ಬರೆದುಕೊಳ್ಳಲು ಸಂಸದರ ಕಚೇರಿಯಿಂದ ವಿಟ್ಕಮ್ ಎಂಬ ಹುಡುಗಿ ಬಂದಿದ್ದಳು.

ಅಹವಾಲು ಒಂದೇ. ಮೊದಲು ವರ್ಷವಿಡೀ ಗೆದ್ದದ್ದರಲ್ಲಿ ಸೋತದ್ದನ್ನೆಲ್ಲ ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟಿದರೆ ಮುಗಿಯುತ್ತಿತ್ತು. ಈ ವರ್ಷದಿಂದ ಸೋಲಿನಲ್ಲಿ ನೂರಕ್ಕೆ ತೊಂಬತ್ತು ಮಾತ್ರ ಕಳೆಯಬಹುದಂತೆ. ಅದು ಬದಲಾಗದಿದ್ದರೆ ಆ ಹನ್ನೆರಡು ಮಂದಿಯಲ್ಲೊಬ್ಬನಾದ ಆರ್ವಿಲ್ ಟ್ಯಾಕೆಟ್ ಮೂವತ್ತು ವರ್ಷ ಹೊಟ್ಟೆ ಹೊರೆದ ಆಟವನ್ನೇ ಬಿಡಬೇಕಿತ್ತು. ಅರವತ್ತೆಂಟನೇ ವಯಸ್ಸಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಅವನ ಕಣ್ಣಿನ ಪೊರೆ ತೆಗೆಸಿ ವಾರವಾಗಿರಲಿಲ್ಲ. ಹಾಗಾಗಿ ಹೆಂಡತಿ ನೆಡ್ರಾ ಕಾರು ಓಡಿಸಿಕೊಂಡು ಬಂದು ಪಕ್ಕದಲ್ಲೇ ಕೂತುಬಿಟ್ಟಿದ್ದಳು. ಗ್ರಹಚಾರ ಅಂದರೆ ಇದು. ಅವಳಿಗೆ ಅವನು ಗೆದ್ದ ದಿನಗಳನ್ನಷ್ಟೇ ಹೇಳಿದ್ದ. ತೆರಿಗೆ ಕಾಗದಕ್ಕೂ ಅವಳು ನೋಡದೇ ಸಹಿ ಹಾಕುತ್ತಿದ್ದಳು.

"ನಿಮ್ಮ ಸೋಲು ಎಷ್ಟು, ಹೇಳಿ," ಎಂದಳು ವಿಟ್ಕಮ್.

ಮುಂದೆ ಕೂತಿದ್ದ ಆಟಗಾರ ರೊಡೆಲ್ ಎದ್ದ. "ನಾನಾ? ಮಾರ್ಚಲ್ಲಿ ಒಂದೇ ಸಲ ಕೂತು ಹನ್ನೊಂದು ಸಾವಿರ ಡಾಲರ್ ಗೆದ್ದೆ!"

"ಅದೇನ್ ಮಹಾ! ನಾನು ಹತ್ತೊಂಬತ್ತು ಗೆದ್ದಿದ್ದೀನಿ," ಎಂದ ಹಿಂದಿನವನೊಬ್ಬ.

ಆಮೇಲೆ ಕೇಳಬೇಕೆ? ಹತ್ತು ನಿಮಿಷ ಬಡಾಯಿಯೋ ಬಡಾಯಿ. ಇಸ್ಪೀಟಿನವರ ಚಾಳಿಯೇ ಅಷ್ಟು, ಸೋತದ್ದನ್ನು ಹೆತ್ತ ತಾಯಿಗೂ ಹೇಳುವುದಿಲ್ಲ. ವಿಟ್ಕಮ್ ಪುಸ್ತಕ ಮುಚ್ಚಿದಳು.

"ಎಲ್ಲರೂ ಗೆದ್ದೋರೇ ಆದ್ರೆ ಈ ನಿಯಮದಿಂದ ನಷ್ಟ ಯಾರಿಗೆ ಸರ್? ನಾನೇನಂತ ಬರೀಲಿ?"

ಆರ್ವಿಲ್ ಹೆಂಡತಿಯ ಕಡೆ ನೋಡದೆ ಎದ್ದುನಿಂತ.

"ಬರ್ಕೋ ತಾಯಿ. ಹೋದ ವರ್ಷ ಗೆದ್ದಿದ್ದು ಒಂದು ಲಕ್ಷದ ಎಂಬತ್ತು ಸಾವಿರ. ಸೋತಿದ್ದು... ಒಂದೂವರೆ ಲಕ್ಷ. ಕೈಗೆ ಬಂದಿದ್ದು ಮೂವತ್ತು ಸಾವಿರ. ಈ ವರ್ಷವೂ ಹೀಗೇ ಆದ್ರೆ, ಹೊಸ ಲೆಕ್ಕದಲ್ಲಿ ಸೋಲು ಅಂತ ಒಂದು ಲಕ್ಷದ ಮೂವತ್ತೈದು ಸಾವಿರ ಮಾತ್ರ ಕಳೆದು, ನಲವತ್ತೈದು ಸಾವಿರಕ್ಕೆ ತೆರಿಗೆ ಕಟ್ಬೇಕು. ನಾನು ಕಣ್ಣಲ್ಲೂ ನೋಡದ ಹದಿನೈದು ಸಾವಿರಕ್ಕೂ!"

ವಿಟ್ಕಮ್ ಪುಸ್ತಕ ತೆರೆದು ಬರೆಯತೊಡಗಿದಳು. ರೊಡೆಲ್ ತಲೆ ಕೆರೆದುಕೊಳ್ಳುತ್ತ, "ನಂದೂ ಬರ್ಕೊಳಿ. ತೊಂಬತ್ತು ಸಾವಿರ ಹೋಗಿದೆ," ಎಂದು ಗೊಣಗಿದ. ಒಬ್ಬೊಬ್ಬರಾಗಿ ಉಳಿದವರೂ ಬಾಯಿಬಿಟ್ಟರು.

ಆರ್ವಿಲ್ ಕುಸಿದು ಕೂತ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಭಯವಾಗಿತ್ತು.

"ಒಂದೂವರೆ ಲಕ್ಷ ಸೋತ್ಯಾ?" ನೆಡ್ರಾ ಮೆಲ್ಲಗೆ ಕೇಳಿದಳು.

"ಹೂಂ."

"ಅದರ ಹಿಂದಿನ ವರ್ಷ?"

"ಹೆಚ್ಚುಕಮ್ಮಿ ಅಷ್ಟೇ. ಪ್ರತಿ ವರ್ಷವೂ."

ಅವಳ ಕಣ್ಣು ತುಂಬಿತ್ತು.

"ಅಲ್ಲ ಕಣೋ ಮಾರಾಯ, ಮೂವತ್ತು ವರ್ಷ ಬಾಗಿಲಲ್ಲಿ ನಿಂತು 'ಗೆದ್ದೆ, ಗೆದ್ದೆ' ಅಂದೆ. ಸೋಲೇ ಕಾಣದ ಇವನು ಸೋತ ದಿನ ಏನ್ ಮಾಡ್ಕೊಂಡ್‌ಬಿಡ್ತಾನೋ ಅಂತ ನಾನು ದಿನಾ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ನೀನು ಸೋತೂ ಮನೆಗೆ ಬರ್ತಿದ್ದೆ, ಊಟ ಮಾಡಿ ಮಲಗ್ತಿದ್ದೆ. ಒಂದು ಮಾತು ಹೇಳಿದ್ರೆ ನಾನೂ ನಿದ್ದೆ ಮಾಡ್ತಿರ್ಲಿಲ್ವೇನೋ?"